ಹಳ್ಳಿಯ ಗ್ರಂಥಾಲಯಗಳ ಪಣಿಕ್ಕರರು

ಕೇರಳದ ಕುಟ್ಟನಾಡು ನೀರಿನ ನಾಡು. ವೇಂಬನಾಡು ಸರೋವರದ ಸುತ್ತ ಹಬ್ಬಿರುವ ಈ ಪ್ರದೇಶದಲ್ಲಿ ಹೊಲಗಳಿರುವುದು ಸಮುದ್ರಮಟ್ಟಕ್ಕಿಂತಲೂ ಕೆಳಗೆ. ಅಲ್ಲಿನ ರೈತರು ನೀರಿನ ನಡುವೆ ಮಣ್ಣಿನ ಏರಿಗಳನ್ನು ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ಹಾಯಿಸಿ, ಕೆಸರಿನಲ್ಲಿ ಭತ್ತವನ್ನು ಬೆಳೆಯುತ್ತಾರೆ. ಯಂತ್ರಗಳು ಬರುವ ಮೊದಲು ಮರದ ಚಕ್ರಗಳನ್ನು ಕಾಲಿನಿಂದ ತುಳಿದು ನೀರನ್ನು ಎತ್ತಿ ಹಾಕಬೇಕಾಗಿತ್ತು. ಇಂತಹ ಬೇಸಾಯವನ್ನು ಒಬ್ಬನೇ ಮಾಡಲಾರ. ಒಂದು ಏರಿಯೊಳಗೆ ಹತ್ತಾರು ಜನರ ಹೊಲಗಳಿರುತ್ತವೆ. ಒಂದು ಕಡೆ ಏರಿ ಒಡೆದರೆ ಎಲ್ಲರ ಪೈರೂ ಮುಳುಗುತ್ತದೆ. ನೆರೆಯವನ ಏರಿಯನ್ನು ಕಾಯುವುದೆಂದರೆ ತನ್ನ ಅನ್ನವನ್ನು ಕಾಯುವುದೆಂಬ ತಿಳಿವಳಿಕೆ ಅಲ್ಲಿನವರಿಗೆ ಯಾರೂ ಉಪದೇಶಿಸದೆಯೇ ಬಂದುದು.

ಈ ಕುಟ್ಟನಾಡಿನ ನೀಲಂಪೇರೂರು ಎಂಬ ಗ್ರಾಮದಲ್ಲಿ 1909ನೆಯ ಮಾರ್ಚ್ 1ರಂದು ಪುದುವಾಯಿಲ್ ನಾರಾಯಣ ಪಣಿಕ್ಕರರು ಜನಿಸಿದರು. ತಂದೆ ಗೋವಿಂದ ಪಿಳ್ಳೆ, ತಾಯಿ ಜಾನಕಿ ಅಮ್ಮ. ನೀಲಂಪೇರೂರು ಒಂದು ವಿಶೇಷಕ್ಕೆ ಹೆಸರಾದ ಊರು. ಅಲ್ಲಿನ ಭಗವತಿಯ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಪಡಯಣಿ ಎಂಬ ಉತ್ಸವ ನಡೆಯುತ್ತದೆ. ಆಗ ಊರಿನವರು ಮರದ ಚೌಕಟ್ಟುಗಳನ್ನು ಕಟ್ಟಿ, ಬಾಳೆಯ ದಿಂಡು, ಎಲೆ, ಹೂಗಳಿಂದ ಹೊದಿಸಿ ಭಾರಿ ಗಾತ್ರದ ಹಂಸಗಳನ್ನು ನಿರ್ಮಿಸುತ್ತಾರೆ. ರಾತ್ರಿ ದೀವಟಿಗೆಗಳ ಬೆಳಕಿನಲ್ಲಿ ಆ ಹಂಸಗಳು ದೇವಾಲಯದ ಅಂಗಳಕ್ಕೆ ಬರುವುದನ್ನು ನೋಡಲು ಜನ ದೂರದೂರದಿಂದ ನೆರೆಯುತ್ತಾರೆ. ಒಬ್ಬ ಬಡಗಿಯಾಗಲಿ ಒಬ್ಬ ಹೂವಾಡಿಗನಾಗಲಿ ಕೂಲಿಗಾಗಿ ಮಾಡಿಕೊಡುವ ವಸ್ತುಗಳಲ್ಲ ಅವು. ಒಬ್ಬರು ಬಿದಿರು ತರುತ್ತಾರೆ, ಇನ್ನೊಬ್ಬರು ಬಾಳೆ ಕಡಿಯುತ್ತಾರೆ, ಮಕ್ಕಳು ಹೂ ಬಿಡಿಸುತ್ತಾರೆ. ಇಂತಹ ಊರಿನಲ್ಲಿ ಪಣಿಕ್ಕರರ ಬಾಲ್ಯ ಕಳೆಯಿತು.

ಅವರು ಬೆಳೆಯುತ್ತಿದ್ದ ಕಾಲ ತಿರುವಿದಾಂಕೂರು ಸಂಸ್ಥಾನದ ಇತಿಹಾಸದಲ್ಲಿ ಬಿರುಗಾಳಿಯ ಕಾಲ. ಶಾಲೆಗಳೂ ವೃತ್ತಪತ್ರಿಕೆಗಳೂ ಆ ನಾಡಿನಲ್ಲಿ ಇತರ ಪ್ರಾಂತಗಳಿಗಿಂತ ಮೊದಲೇ ಹರಡಿದ್ದವು. ನೀಲಂಪೇರೂರಿಗೆ ಹತ್ತಿರದ ಕೋಟ್ಟಯಂ ನಗರದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಲಯಾಳ ಪತ್ರಿಕೆಗಳು ಹೊರಡುತ್ತಿದ್ದವು. ಆದರೆ ಅದೇ ನಾಡಿನಲ್ಲಿ ಮನುಷ್ಯ ಮನುಷ್ಯನನ್ನು ಮುಟ್ಟದಿರುವ, ಕಂಡರೂ ಮೈಲಿಗೆಯೆನ್ನುವ ಕ್ರೂರ ಕಟ್ಟಳೆಗಳಿದ್ದವು. ವೈಕಂ ಊರಿನ ದೇವಾಲಯದ ಸುತ್ತಣ ಬೀದಿಗಳಲ್ಲಿ ಕೆಳಜಾತಿಯವರು ನಡೆಯುವಂತಿರಲಿಲ್ಲ. ಅದರ ವಿರುದ್ಧ 1924ರಲ್ಲಿ ಆರಂಭವಾದ ಸತ್ಯಾಗ್ರಹ 1925ರವರೆಗೆ ನಡೆಯಿತು. ಬೀದಿಯಲ್ಲಿ ನಡೆಯುವ ಹಕ್ಕಿಗಾಗಿಯೇ ಇಷ್ಟು ಹೋರಾಡಬೇಕಾಗಿದ್ದ ಕಡೆ, ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುವುದು ಎಷ್ಟು ದೊಡ್ಡ ಮಾತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು.

ವೈಕಂ ಸತ್ಯಾಗ್ರಹ ಮುಗಿದ ಮರುವರ್ಷ, ಎಂದರೆ 1926ರಲ್ಲಿ, ಪಣಿಕ್ಕರರು ತಮ್ಮ ಊರಿನಲ್ಲಿ ಸನಾತನಧರ್ಮ ಗ್ರಂಥಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ ಹದಿನೇಳು ವರ್ಷ. ಕೈಯಲ್ಲಿ ಹಣವಿರಲಿಲ್ಲ; ಗ್ರಂಥಾಲಯಕ್ಕೆ ಬೇಕಾದ ಪುಸ್ತಕಗಳೂ ಇರಲಿಲ್ಲ. ಮನೆಮನೆಗೆ ಹೋಗಿ, ಓದಿ ಮುಗಿಸಿದ ಪುಸ್ತಕವೊಂದಿದ್ದರೆ ಕೊಡಿರೆಂದು ಬೇಡುವುದೊಂದೇ ಅವರಿಗಿದ್ದ ದಾರಿ. ಅಕ್ಕಿಯನ್ನೋ ಕಾಸನ್ನೋ ಬೇಡುವವರನ್ನು ಜನ ಕಂಡಿದ್ದರು. ಪುಸ್ತಕವನ್ನು ಬೇಡುವ ಹುಡುಗ ಅವರಿಗೆ ಹೊಸಬ. ಆದರೂ ಪುಸ್ತಕಗಳು ಬಂದವು. ಮುಂದೆ ಪಣಿಕ್ಕರರು ಶಾಲೆಯ ಅಧ್ಯಾಪಕರಾದರು. ಹಗಲು ಮಕ್ಕಳಿಗೆ ಅಕ್ಷರ ಕಲಿಸುವುದು, ಬಿಡುವಿನ ವೇಳೆಯಲ್ಲಿ ದೊಡ್ಡವರ ಕೈಗೆ ಪುಸ್ತಕ ಕೊಡುವುದು ಅವರ ದಿನಚರಿಯಾಯಿತು.

ಪುಸ್ತಕವನ್ನು ದಾನವಾಗಿ ಕೊಡುವವನ ಮನಸ್ಸಿನಲ್ಲಿ ಏನಿರುತ್ತದೆಂಬುದನ್ನು ಯೋಚಿಸಿದರೆ ಪಣಿಕ್ಕರರ ಕೆಲಸದ ಸ್ವರೂಪ ತಿಳಿಯುತ್ತದೆ. ತಾನು ಕೊಟ್ಟದ್ದು ಮಾರಾಟವಾಗದು, ಯಾರೋ ಒಬ್ಬರ ಮನೆಯ ಕಪಾಟನ್ನು ಸೇರದು, ನಾಳೆ ತಾನೇ ಹೋಗಿ ಕೇಳಿದರೂ ಓದಲು ಸಿಗುತ್ತದೆ ಎಂಬ ನಂಬಿಕೆ ಅವನಿಗಿರಬೇಕು. ಹಾಗೆಯೇ ಎರವಲು ಕೊಡುವವನಿಗೆ, ಒಯ್ದವನು ಮರಳಿ ತರುತ್ತಾನೆಂಬ ನಂಬಿಕೆ ಬೇಕು. ಹಳ್ಳಿಯಲ್ಲಿ ಈ ನಂಬಿಕೆಗೆ ಆಧಾರವಾಗಿ ಬಾಂಡು ಪತ್ರವಿಲ್ಲ, ಕೋರ್ಟು ಕಚೇರಿಯಿಲ್ಲ. ಇರುವುದು ಒಂದು ದಾಖಲೆ ಪುಸ್ತಕ, ಅದರಲ್ಲಿ ಒಂದು ಹೆಸರು, ಒಂದು ದಿನಾಂಕ. ಆ ದಾಖಲೆಯನ್ನು ಬರೆಯುವವನು ನಿಷ್ಪಕ್ಷಪಾತಿಯೆಂದು ಊರಿನವರೆಲ್ಲ ಒಪ್ಪಿದರೆ ಗ್ರಂಥಾಲಯ ನಡೆಯುತ್ತದೆ. ಒಪ್ಪದಿದ್ದರೆ ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಮುಚ್ಚುತ್ತದೆ. ಭಾರತದ ಎಷ್ಟೋ ಹಳ್ಳಿಗಳಲ್ಲಿ ಉತ್ಸಾಹದಿಂದ ತೆರೆದ ವಾಚನಾಲಯಗಳು ಗೆದ್ದಲಿಗೆ ಆಹಾರವಾದದ್ದು ಹಣವಿಲ್ಲದ್ದರಿಂದ ಮಾತ್ರವಲ್ಲ.

ಮುಂದೆ ಪಣಿಕ್ಕರರ ಕಾರ್ಯಕ್ಷೇತ್ರ ಅಂಬಲಪ್ಪುಳವಾಯಿತು. ಶ್ರೀಕೃಷ್ಣನ ದೇವಾಲಯಕ್ಕೂ ಓಟ್ಟನ್ ತುಳ್ಳಲ್ ಎಂಬ ಕಲೆಯನ್ನು ಬೆಳೆಸಿದ ಕವಿ ಕುಂಜನ್ ನಂಬಿಯಾರರ ನೆನಪಿಗೂ ಹೆಸರಾದ ಊರು ಅದು. ಅಲ್ಲಿನ ಪಿ. ಕೆ. ಸ್ಮಾರಕ ಗ್ರಂಥಾಲಯವನ್ನು ಕೇಂದ್ರವಾಗಿಟ್ಟುಕೊಂಡು ಅವರು ಸುತ್ತಣ ಊರುಗಳ ಗ್ರಂಥಾಲಯಗಳನ್ನು ಕಂಡರು. ಎಲ್ಲೆಲ್ಲಿಯೂ ಒಂದೇ ಕಥೆ. ಪುಸ್ತಕಗಳು ಕಡಮೆ, ಕೋಣೆ ಚಿಕ್ಕದು, ದುಡಿಯುವವರು ಒಬ್ಬಿಬ್ಬರು. ಅವರು ಊರು ಬಿಟ್ಟರೆ ಎಲ್ಲವೂ ನಿಂತುಹೋಗುವ ಸ್ಥಿತಿ. ಒಂಟಿಯಾಗಿ ಬಡವಾಗಿದ್ದ ಈ ಗ್ರಂಥಾಲಯಗಳು ಜೊತೆಗೂಡಿದರೆ ಒಂದಕ್ಕೊಂದು ಆಸರೆಯಾಗಬಲ್ಲವೆಂದು ಅವರು ಕಂಡುಕೊಂಡರು. ಒಂದು ಏರಿಯೊಳಗಿನ ಹೊಲಗಳಂತೆಯೇ ಇವು ಕೂಡ.

1945ನೆಯ ಸೆಪ್ಟೆಂಬರ್ 14ರಂದು ಅಂಬಲಪ್ಪುಳದಲ್ಲಿ 47 ಗ್ರಾಮೀಣ ಗ್ರಂಥಾಲಯಗಳ ಪ್ರತಿನಿಧಿಗಳು ಸಭೆ ಸೇರಿದರು. ಅಂದು ತಿರುವಿದಾಂಕೂರು ಗ್ರಂಥಶಾಲಾ ಸಂಘ ಹುಟ್ಟಿತು. ಓದಿ ಬೆಳೆಯಬೇಕೆಂಬುದು ಅದರ ಘೋಷ. ಪಣಿಕ್ಕರರು ಸಂಘದ ಪ್ರಧಾನ ಕಾರ್ಯದರ್ಶಿಯಾದರು; ಮುಂದಿನ 32 ವರ್ಷಗಳ ಕಾಲ ಆ ಹೊಣೆಯನ್ನು ಹೊತ್ತರು. ಎರಡನೆಯ ಮಹಾಯುದ್ಧ ಮುಗಿದು ತಿಂಗಳೂ ತುಂಬಿರದ ದಿನಗಳವು. ಅಕ್ಕಿಗೆ ಪರದಾಡುತ್ತಿದ್ದ ಜನ ಪುಸ್ತಕಕ್ಕಾಗಿ ಸಭೆ ಸೇರಿದರೆಂಬುದು ಸಣ್ಣ ಸಂಗತಿಯಲ್ಲ. ಅದೇ 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಸಾಹಿತಿಗಳು 120 ರೂಪಾಯಿಗಳ ಬಂಡವಾಳದಿಂದ ಸಾಹಿತ್ಯ ಪ್ರವರ್ತಕ ಸಹಕಾರ ಸಂಘವನ್ನು ಆರಂಭಿಸಿದುದನ್ನೂ ಇಲ್ಲಿ ನೆನೆಯಬೇಕು. ಬರೆಯುವವರು ಕೂಡಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಮಾರಲು ಮಾಡಿಕೊಂಡ ಸಂಸ್ಥೆ ಅದು. ಒಂದೆಡೆ ಲೇಖಕರ ಸಹಕಾರ, ಇನ್ನೊಂದೆಡೆ ಓದುಗರ ಸಹಕಾರ. ಮಲಯಾಳ ಪುಸ್ತಕಲೋಕಕ್ಕೆ ಎರಡು ರೆಕ್ಕೆಗಳು ಒಂದೇ ವರ್ಷ ಮೂಡಿದವು.

ಸಂಘ ಹುಟ್ಟಿದ ಮರುವರ್ಷವೇ ನಾಡು ಅಗ್ನಿಪರೀಕ್ಷೆಗೆ ಒಳಗಾಯಿತು. 1946ರ ಅಕ್ಟೋಬರಿನಲ್ಲಿ ಅಂಬಲಪ್ಪುಳಕ್ಕೆ ಸಮೀಪದ ಪುನ್ನಪ್ರದಲ್ಲಿಯೂ ಆಲಪ್ಪುಳದಾಚೆಯ ವಯಲಾರಿನಲ್ಲಿಯೂ ದಿವಾನರ ಆಡಳಿತದ ವಿರುದ್ಧ ಕಾರ್ಮಿಕರು ಬಂಡೆದ್ದರು. ಗುಂಡೇಟಿಗೆ ಅನೇಕರು ಬಲಿಯಾದರು. ಊರೂರಿನಲ್ಲಿ ಜನ ಎರಡು ಮೂರು ಪಕ್ಷಗಳಾಗಿ ಒಡೆದರು. ಹತ್ತು ಜನ ಕೂಡಿ ಪತ್ರಿಕೆ ಓದುವ ಸ್ಥಳವನ್ನು ಯಾವ ಸರ್ಕಾರವಾದರೂ ಅನುಮಾನದಿಂದ ನೋಡುವ ಹೊತ್ತು ಅದು. ಇಂತಹ ಹೊತ್ತಿನಲ್ಲಿ ಗ್ರಂಥಾಲಯದ ಬಾಗಿಲನ್ನು ಎಲ್ಲರಿಗೂ ತೆರೆದಿಡುವುದು ಪಣಿಕ್ಕರರ ಮುಂದಿದ್ದ ಕಠಿಣ ಕಾರ್ಯ. ಸರ್ಕಾರದ ಮನ್ನಣೆಯೂ ಅನುದಾನವೂ ಸಂಘಕ್ಕೆ ಬೇಕಾಗಿದ್ದವು. ಸರ್ಕಾರವನ್ನು ದ್ವೇಷಿಸುವ ತರುಣರ ದುಡಿಮೆಯೂ ಬೇಕಾಗಿತ್ತು. ಅವರು ಯಾರನ್ನೂ ಬಿಡಲಿಲ್ಲ. ಇದನ್ನು ದೌರ್ಬಲ್ಯವೆಂದು ತಿಳಿದವರೂ ಇದ್ದಿರಬಹುದು. ಆದರೆ ದಿವಾನರ ಆಡಳಿತ ಹೋಯಿತು, ರಾಜರ ಆಳ್ವಿಕೆ ಹೋಯಿತು, ಆಮೇಲೆ ಬಂದ ಮಂತ್ರಿಮಂಡಲಗಳು ಒಂದಾದ ಮೇಲೊಂದು ಬಿದ್ದವು. ಗ್ರಂಥಶಾಲಾ ಸಂಘ ಮಾತ್ರ ಬೆಳೆಯುತ್ತಲೇ ಇತ್ತು.

ಸಂಘದ ಕಾರ್ಯವಿಧಾನ ಸರಳವಾಗಿತ್ತು. ಗ್ರಂಥಾಲಯ ಆ ಊರಿನವರದೇ. ಸದಸ್ಯರು ಅಲ್ಪ ವಂತಿಗೆ ಕೊಟ್ಟು, ಸಭೆ ಸೇರಿ, ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಿದ್ದರು. ತಾಲ್ಲೂಕಿನ ಗ್ರಂಥಾಲಯಗಳೆಲ್ಲ ಸೇರಿ ಒಂದು ಒಕ್ಕೂಟ. ಅವುಗಳ ಮೇಲೆ ಸಂಘ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವವನು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕ. ಅವನು ಶಾಲೆಯ ಮೇಷ್ಟ್ರಾಗಿರಬಹುದು, ಬೀಡಿ ಕಟ್ಟುವವನಾಗಿರಬಹುದು, ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದ ಕೂಲಿಕಾರನಾಗಿರಬಹುದು. ಸಂಜೆ ದೀಪ ಹಚ್ಚಿ ಬಾಗಿಲು ತೆಗೆಯುವುದು, ಓದುಬಾರದವರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು, ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು, ತಿಂಗಳಾದರೂ ಮರಳದ ಪುಸ್ತಕವನ್ನು ಹುಡುಕಿಕೊಂಡು ಮನೆಗೆ ಹೋಗುವುದು ಅವನ ಕೆಲಸ. ಈ ಕೊನೆಯದು ಸೂಕ್ಷ್ಮವಾದ ಕಾರ್ಯ. ಕಠಿಣವಾಗಿ ಕೇಳಿದರೆ ಓದುಗ ದೂರವಾಗುತ್ತಾನೆ, ಕೇಳದಿದ್ದರೆ ಪುಸ್ತಕ ದೂರವಾಗುತ್ತದೆ.

ಗ್ರಂಥಾಲಯ ಪುಸ್ತಕಗಳ ಉಗ್ರಾಣವಷ್ಟೇ ಆಗಿರಲಿಲ್ಲ. ವಾರ್ಷಿಕೋತ್ಸವ ಬಂದಿತೆಂದರೆ ಊರಿನ ಹುಡುಗರು ನಾಟಕ ಕಲಿಯುತ್ತಿದ್ದರು. ಒಬ್ಬನ ಮನೆಯ ಹಗ್ಗ, ಇನ್ನೊಬ್ಬನ ಮನೆಯ ಸೀರೆ, ಮತ್ತೊಬ್ಬನ ಮನೆಯ ಲಾಟೀನು ಸೇರಿ ರಂಗಸ್ಥಳವಾಗುತ್ತಿತ್ತು. ಹಣ ಉಳಿದರೆ ಹೊಸ ಪುಸ್ತಕ ಬರುತ್ತಿತ್ತು. ಭಾಷಣ, ಚರ್ಚೆ, ಕವಿತಾವಾಚನ, ಹಾಡುಗಾರಿಕೆ ಇವೆಲ್ಲಕ್ಕೂ ಅದೇ ಅಂಗಳ. ಭಿನ್ನಾಭಿಪ್ರಾಯಗಳು ಇರಲಿಲ್ಲವೆಂದಲ್ಲ. ಯಾವ ಪತ್ರಿಕೆಯನ್ನು ತರಿಸಬೇಕು, ಯಾರ ನಾಟಕ ಆಡಬೇಕು, ಕಾರ್ಯದರ್ಶಿ ಯಾರಾಗಬೇಕು ಎಂಬ ವಿಷಯಗಳಲ್ಲಿ ಜಗಳಗಳಾಗದ ಹಳ್ಳಿ ಯಾವುದಿದೆ? ಅಂತಹ ಜಗಳ ಗ್ರಂಥಾಲಯವನ್ನು ಒಡೆಯದಂತೆ ಕಾಯುವ ಉಪಾಯವೆಂದರೆ ಲೆಕ್ಕವನ್ನು ಬಚ್ಚಿಡದಿರುವುದು. ಬಂದ ಹಣ, ಹೋದ ಹಣ, ಇರುವ ಪುಸ್ತಕ, ಕಳೆದ ಪುಸ್ತಕ ಎಲ್ಲವನ್ನೂ ಸಭೆಯ ಮುಂದಿಟ್ಟರೆ ಅನುಮಾನ ಅರ್ಧ ಕರಗುತ್ತದೆ.

ಪಣಿಕ್ಕರರು ಕಚೇರಿಯಲ್ಲಿ ಕುಳಿತು ಸುತ್ತೋಲೆ ಹೊರಡಿಸುವ ಕಾರ್ಯದರ್ಶಿಯಾಗಿರಲಿಲ್ಲ. ಕೇರಳದ ಹಳ್ಳಿಗಳನ್ನು ಅವರು ಸುತ್ತಿದರು. ದೋಣಿ ಹೋಗುವಲ್ಲಿ ದೋಣಿ, ಬಸ್ಸು ಹೋಗುವಲ್ಲಿ ಬಸ್ಸು, ಎರಡೂ ಇಲ್ಲದಲ್ಲಿ ನಡಿಗೆ. ಒಂದು ಊರಿನಲ್ಲಿ ಗ್ರಂಥಾಲಯವಿಲ್ಲವೆಂದು ತಿಳಿದರೆ ಅಲ್ಲಿ ಒಂದು ಸಭೆ; ಇದ್ದೂ ಸೊರಗಿದೆಯೆಂದು ತಿಳಿದರೆ ಅಲ್ಲಿಗೆ ಮತ್ತೊಂದು ಪಯಣ. ದೊಡ್ಡ ಗ್ರಂಥವನ್ನು ಬರೆದು ಕೀರ್ತಿ ಗಳಿಸುವುದು ಅವರ ದಾರಿಯಾಗಲಿಲ್ಲ; ಬರೆದವರ ಪುಸ್ತಕ ಹಳ್ಳಿಯ ಓದುಗನ ಕೈಗೆ ತಲುಪುವಂತೆ ಮಾಡುವುದೇ ಅವರ ದಾರಿಯಾಯಿತು.

1956ನೆಯ ನವೆಂಬರ್ 1ರಂದು ಕೇರಳ ರಾಜ್ಯ ರೂಪುಗೊಂಡಿತು. ಸಂಘವೂ ಕೇರಳ ಗ್ರಂಥಶಾಲಾ ಸಂಘವಾಯಿತು. ಹೊಸದಾಗಿ ಸೇರಿದ ಮಲಬಾರಿನ ಇತಿಹಾಸ ಬೇರೆಯದು. ಅಲ್ಲಿ 1937ರಲ್ಲಿಯೇ ವಾಚನಶಾಲೆಗಳ ಸಂಘವೊಂದು ಕೋಳಿಕ್ಕೋಡಿನಲ್ಲಿ ಹುಟ್ಟಿತ್ತು. ರಾಷ್ಟ್ರೀಯ ಹೋರಾಟದ ಮತ್ತು ರೈತಚಳವಳಿಯ ಕಾವಿನಲ್ಲಿ ಅದು ಬೆಳೆದಿತ್ತು. ಮದರಾಸು ಸರ್ಕಾರದ 1948ರ ಗ್ರಂಥಾಲಯ ಕಾನೂನೂ ಅಲ್ಲಿ ಜಾರಿಯಲ್ಲಿತ್ತು. ಈ ಎರಡು ಪರಂಪರೆಗಳನ್ನು ಒಂದೇ ಸೂರಿನಡಿ ತರಬೇಕಾಯಿತು. ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಓದುವ ಜನರೂ ಇದ್ದರು. 1970ರಲ್ಲಿ ಸಂಘದ ಬೆಳ್ಳಿಹಬ್ಬದ ಸಂದರ್ಭದಲ್ಲಿ ತೆಂಕಣ ತುದಿಯ ಪಾರಶ್ಶಾಲೆಗೂ ಬಡಗಣ ಕಾಸರಗೋಡಿಗೂ ನಡುವೆ ಪಣಿಕ್ಕರರ ನೇತೃತ್ವದಲ್ಲಿ ಒಂದು ಸಾಂಸ್ಕೃತಿಕ ಜಾಥಾ ನಡೆಯಿತು. ದಾರಿಯುದ್ದಕ್ಕೂ ಅದನ್ನು ಬರಮಾಡಿಕೊಂಡವರು ಹಳ್ಳಿಯ ಗ್ರಂಥಾಲಯಗಳ ಕಾರ್ಯಕರ್ತರು.

47 ಗ್ರಂಥಾಲಯಗಳಿಂದ ಆರಂಭವಾದ ಈ ಜಾಲಕ್ಕೆ ಪಣಿಕ್ಕರರು ಸುಮಾರು 6,000 ಗ್ರಂಥಾಲಯಗಳನ್ನು ತಂದು ಸೇರಿಸಿದರೆಂದು ಹೇಳುತ್ತಾರೆ. 1975ರಲ್ಲಿ ಯುನೆಸ್ಕೋ ಸಂಸ್ಥೆಯ ಕ್ರೂಪ್‌ಸ್ಕಾಯಾ ಪ್ರಶಸ್ತಿ ಸಂಘಕ್ಕೆ ದೊರೆಯಿತು. ಕ್ರೂಪ್‌ಸ್ಕಾಯಾ ರಷ್ಯಾದಲ್ಲಿ ವಯಸ್ಕರ ಶಿಕ್ಷಣಕ್ಕೂ ಗ್ರಂಥಾಲಯಗಳಿಗೂ ದುಡಿದ ಮಹಿಳೆ. ಲೆನಿನ್ ಅವರ ಪತ್ನಿ. ಸಾಕ್ಷರತೆಗಾಗಿ ದುಡಿದವರಿಗೆ ಆಕೆಯ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿ ಹಳ್ಳಿಯ ಸ್ವಯಂಸೇವಕರ ಒಕ್ಕೂಟವೊಂದಕ್ಕೆ ಸಂದಿತು.

ಮರ್ಯಾದೆ ಬಂದ ಎರಡೇ ವರ್ಷಗಳಲ್ಲಿ ಪಣಿಕ್ಕರರ ಬಾಳಿನ ಅತ್ಯಂತ ಕಠಿಣ ದಿನ ಬಂದಿತು. 1977ರಲ್ಲಿ ರಾಜ್ಯ ಸರ್ಕಾರ ಗ್ರಂಥಶಾಲಾ ಸಂಘದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಾರ್ವಜನಿಕರ ಹಣ ಹೆಚ್ಚಾಗಿ ಹರಿಯುವಲ್ಲಿ ಸರ್ಕಾರದ ಮೇಲ್ವಿಚಾರಣೆ ಬೇಕೆನ್ನುವ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಗ್ರಂಥಾಲಯಗಳನ್ನು ಇಲಾಖೆಯ ಮೂಲಕವೇ ನಡೆಸುವ ಪದ್ಧತಿಯೂ ಇದೆ. ಕರ್ನಾಟಕದಲ್ಲಿ 1965ರ ಕಾನೂನಿನಿಂದ ಆರಂಭವಾದುದು ಅಂತಹ ವ್ಯವಸ್ಥೆಯೇ. ಆದರೆ ಊರಿನವರು ತಾವೇ ಕಲ್ಲುಮಣ್ಣು ಹೊತ್ತು ಕಟ್ಟಿದ ಸಂಸ್ಥೆಯ ಮೇಲೆ ನಿಯಮಿತ ಮಂಡಲಿ ಬಂದು ಕುಳಿತಾಗ, ಸಂಬಳವಿಲ್ಲದೆ ದುಡಿಯುತ್ತಿದ್ದವನಿಗೆ ಏನನ್ನಿಸೀತು? ಇದು ನಮ್ಮದು ಎಂಬ ಭಾವನೆಯಿಂದ ಬಂದ ದುಡಿಮೆಯನ್ನು ಆಜ್ಞೆಯಿಂದ ಪಡೆಯಲಾಗದು. ಮೂವತ್ತೆರಡು ವರ್ಷ ಸಾಕಿದ ಸಂಸ್ಥೆಯಿಂದ ಪಣಿಕ್ಕರರು ಹೊರಬಂದರು. ಆಗ ಅವರ ವಯಸ್ಸು ಅರವತ್ತೆಂಟು.

ಆ ವಯಸ್ಸಿನಲ್ಲಿ ಮನೆಯಲ್ಲಿ ಕುಳಿತು ವ್ಯಥೆಪಡುವುದಕ್ಕೆ ಅವರಿಗೆ ಎಲ್ಲ ಕಾರಣಗಳೂ ಇದ್ದವು. ಅವರು ಹಾಗೆ ಮಾಡಲಿಲ್ಲ. ಅದೇ 1977ರಲ್ಲಿ ಅವರು ಕಾನ್‌ಫೆಡ್ ಎಂಬ ಹೊಸ ಸಂಸ್ಥೆಯನ್ನು ಹುಟ್ಟುಹಾಕಿದರು. ಶಾಲೆಯ ಹೊರಗಿನ ಶಿಕ್ಷಣಕ್ಕೂ ಜನರ ಏಳಿಗೆಗೂ ದುಡಿಯುವುದು ಅದರ ಉದ್ದೇಶ. ಪುಸ್ತಕವನ್ನು ಮನೆಬಾಗಿಲಿಗೆ ಒಯ್ದರೂ ಓದಲಾರದವರು ಇನ್ನೂ ಇದ್ದರು. ಗ್ರಂಥಾಲಯದ ಹೊಸ್ತಿಲ ಆಚೆಗೇ ಉಳಿದಿದ್ದ ಅವರ ಕಡೆಗೆ ಪಣಿಕ್ಕರರು ಈಗ ತಿರುಗಿದರು. ಹಳೆಯ ಕಾರ್ಯಕರ್ತರಲ್ಲಿ ಅನೇಕರು ಅವರ ಜೊತೆಗೆ ಬಂದರು. ಸಂಸ್ಥೆಯ ಮೊಹರು, ಕಾಗದಪತ್ರ, ಕಟ್ಟಡ ಸರ್ಕಾರದ ಪಾಲಾದರೂ ಮೂರು ದಶಕಗಳ ಸ್ನೇಹ ಅವರ ಬಳಿ ಉಳಿದಿತ್ತು. ಬೇಸಾಯದ ಪುಸ್ತಕಗಳಿಗೆಂದೇ ಗ್ರಂಥಾಲಯದಲ್ಲಿ ಒಂದು ಮೂಲೆ, ಮನೆಮಂದಿ ಕೂಡಿ ಓದುವ ಕಾರ್ಯಕ್ರಮ, ಆಸ್ಪತ್ರೆಯ ರೋಗಿಗಳಿಗೆ ಓದಿನ ಸಾಂತ್ವನ, ಸೌಹಾರ್ದ ಗ್ರಾಮ ಎಂಬ ಹೆಸರಿನ ಚಳವಳಿ, ಇವೆಲ್ಲ ಅವರು ಪ್ರೋತ್ಸಾಹಿಸಿದ ಕೆಲಸಗಳು.

1980ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಸಾಕ್ಷರತೆಯ ದೊಡ್ಡ ಆಂದೋಲನ ನಡೆಯಿತು. ಎರ್ನಾಕುಳಂ ಜಿಲ್ಲೆಯಲ್ಲಿ ಸಾವಿರಾರು ಸ್ವಯಂಸೇವಕರು ಮನೆಮನೆಗೆ ಹೋಗಿ ಅಕ್ಷರ ಕಲಿಸಿದರು. 1990ರ ಫೆಬ್ರವರಿಯಲ್ಲಿ ಅದು ಸಂಪೂರ್ಣ ಸಾಕ್ಷರ ಜಿಲ್ಲೆಯೆಂದೂ 1991ರ ಏಪ್ರಿಲಿನಲ್ಲಿ ಇಡೀ ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದೂ ಘೋಷಣೆಯಾಯಿತು. ಆ ಆಂದೋಲನವನ್ನು ನಡೆಸಿದವರು ಅನೇಕರು. ಶಾಸ್ತ್ರಸಾಹಿತ್ಯ ಪರಿಷತ್ತಿನಂತಹ ಸಂಸ್ಥೆಗಳ ಪಾಲು ಅದರಲ್ಲಿ ದೊಡ್ಡದು. ಎಲ್ಲವನ್ನೂ ಪಣಿಕ್ಕರರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಹಳ್ಳಿಯ ತರುಣನೊಬ್ಬ ಸಂಬಳವಿಲ್ಲದೆ ಸಂಜೆಯ ಹೊತ್ತು ಇನ್ನೊಬ್ಬರಿಗಾಗಿ ದುಡಿಯುವುದು ಆ ನಾಡಿನಲ್ಲಿ ವಿಚಿತ್ರವೆನಿಸದೆ ಇದ್ದುದಕ್ಕೆ ಊರೂರಿನ ಗ್ರಂಥಾಲಯಗಳೂ ಕಾರಣ. ಸಂಜೆಯ ತರಗತಿ ನಡೆಸಲು ಒಂದು ಕೋಣೆ, ಒಂದು ದೀಪ, ಪರಿಚಿತ ಮುಖಗಳು ಅನೇಕ ಊರುಗಳಲ್ಲಿ ಮೊದಲೇ ಸಿದ್ಧವಾಗಿದ್ದವು.

1989ರಲ್ಲಿ ಕೇರಳದ ಶಾಸನಸಭೆ ಹೊಸ ಗ್ರಂಥಾಲಯ ಕಾನೂನನ್ನು ಮಾಡಿತು. ಅದರಂತೆ ಗ್ರಂಥಾಲಯಗಳ ಆಡಳಿತ ಮತ್ತೆ ಚುನಾಯಿತ ಪ್ರತಿನಿಧಿಗಳ ಕೈಗೆ ಬಂದಿತು. ಗ್ರಾಮದ ಗ್ರಂಥಾಲಯದಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುವ ಪರಿಷತ್ತುಗಳ ವ್ಯವಸ್ಥೆ ಏರ್ಪಟ್ಟಿತು. ಸರ್ಕಾರದ ಹಣವೂ ಊರಿನವರ ಅಧಿಕಾರವೂ ಜೊತೆಗಿರಬಹುದೆಂದು ಒಪ್ಪಲು ಹನ್ನೆರಡು ವರ್ಷ ಬೇಕಾಯಿತು. ಪಣಿಕ್ಕರರು ಅದನ್ನು ಕಣ್ಣಾರೆ ಕಂಡರು.

1995ನೆಯ ಜೂನ್ 19ರಂದು ಎಂಬತ್ತಾರನೆಯ ವಯಸ್ಸಿನಲ್ಲಿ ಅವರು ನಿಧನರಾದರು. 2004ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಕೇರಳದ ಶಾಲೆಗಳು ಅವರ ಪುಣ್ಯದಿನವನ್ನು ವಾಚನಾ ದಿನವೆಂದು ಆಚರಿಸುತ್ತವೆ. ಶಾಲೆ ತೆರೆದು ಕೆಲವೇ ದಿನಗಳಾಗಿರುತ್ತವೆ, ಹೊರಗೆ ಮುಂಗಾರು ಸುರಿಯುತ್ತಿರುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೂ ಆ ದಿನ ಕಪಾಟುಗಳ ಬಾಗಿಲು ತೆರೆದು ಕನ್ನಡ ಪುಸ್ತಕಗಳನ್ನು ಹೊರಗಿಡುತ್ತಾರೆ. ಮಕ್ಕಳು ಒಂದೊಂದನ್ನು ಆರಿಸಿ, ದಾಖಲೆಯಲ್ಲಿ ತಮ್ಮ ಹೆಸರು ಬರೆಸಿ, ನೆನೆಯದಂತೆ ಮರೆಮಾಡಿಕೊಂಡು ಮನೆಗೆ ಒಯ್ಯುತ್ತಾರೆ.